1151: ಸಂಖ್ಯೆ ಒಂದೇ, ಸಾಕೆಟ್ ಎರಡು

ಕಳೆದ ಮಳೆಗಾಲದ ಒಂದು ಭಾನುವಾರ ಗೋಪಾಳದ ನಮ್ಮ ಮನೆಗೆ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಬಂದಿದ್ದ. ಅವನ ಕಂಪ್ಯೂಟರಿನಲ್ಲಿರುವುದು ಎಚ್110 ಮದರ್‌ಬೋರ್ಡ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಳಸಿದ ಐ3-8100 ಪ್ರೊಸೆಸರ್ ಒಂದನ್ನು ಕೊಂಡು ತರಲು ಹಣ ಕೂಡಿಸಿಟ್ಟಿದ್ದ. ‘ಸರ್, ಎರಡಕ್ಕೂ 1151 ಅಂತಲೇ ಇದೆ. ಕೂರುತ್ತಲ್ವಾ?’ ಎಂದ.

ಕೂರುತ್ತದೆ. ಆದರೆ ಕಂಪ್ಯೂಟರ್ ಶುರುವಾಗುವುದಿಲ್ಲ!

ಹುಡುಗನ ತರ್ಕದಲ್ಲಿ ತಪ್ಪೇನಿದೆ? ‘ಸಾಕೆಟ್ ಹೊಂದಿದರೆ ಪ್ರೊಸೆಸರ್ ಹೊಂದಿತು’ ಎಂದು ತರಗತಿಯಲ್ಲಿ ಹೇಳಿಕೊಡುವವರು ನಾವೇ. ಆಕಾರ ಹೊಂದುವುದು ಬೇರೆ, ವಿದ್ಯುತ್ ಹೊಂದುವುದು ಬೇರೆ, ಬಯೋಸ್ ಎಂಬ ಆರಂಭಿಕ ತಂತ್ರಾಂಶ ಆ ಪ್ರೊಸೆಸರನ್ನು ಗುರುತಿಸುವುದು ಮತ್ತೂ ಬೇರೆ. ಈ ಮೂರನ್ನೂ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಇಲ್ಲಿ ಅಧ್ಯಾಪಕರಿಗಿಂತ ದೊಡ್ಡ ಪಾಲು ತಯಾರಕರದು.

ನಡೆದದ್ದನ್ನು ನೋಡಿ. ಇಂಟೆಲ್ ಕಂಪನಿ 2015ರಲ್ಲಿ ಆರನೆಯ ತಲೆಮಾರಿನ ಪ್ರೊಸೆಸರುಗಳೊಂದಿಗೆ 1151 ಸ್ಪರ್ಶಬಿಂದುಗಳ ಸಾಕೆಟ್ಟನ್ನು ತಂದಿತು. 2017ರ ಜನವರಿಯಲ್ಲಿ ಬಂದ ಏಳನೆಯ ತಲೆಮಾರು ಬಯೋಸ್ ನವೀಕರಿಸಿದರೆ ಹಳೆಯ ಬೋರ್ಡಿನಲ್ಲೂ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎಂಟನೆಯ ತಲೆಮಾರು ಬಂದಾಗ ಸಾಕೆಟ್ಟಿನ ಹೆಸರೂ ಅದೇ, ಅಂಚಿನ ಕಚ್ಚುಗಳೂ ಅದೇ. ಹಳೆಯ ಬೋರ್ಡಿಗೆ ಮಾತ್ರ ಪ್ರವೇಶವಿಲ್ಲ! ಹೊಸ 300 ಸರಣಿಯ ಬೋರ್ಡೇ ಬೇಕು. ಆಗ ಸಿಗುತ್ತಿದ್ದುದು ದುಬಾರಿ ಝೆಡ್370 ಒಂದೇ. ಅಗ್ಗದ ಎಚ್310, ಬಿ360 ಬೋರ್ಡುಗಳು ಬರಲು 2018ರ ಏಪ್ರಿಲ್ ಆಗಬೇಕಾಯಿತು. ಅಲ್ಲಿಯವರೆಗೆ ಅಗ್ಗದ ಐ3ಗೂ ದುಬಾರಿ ಬೋರ್ಡೇ ಗತಿ.

ಹೀಗೇಕೆ ಎಂದರೆ ಕಂಪನಿ ವಿದ್ಯುತ್ ಪೂರೈಕೆಯ ಕಾರಣ ಕೊಟ್ಟಿತು. ಹೊಸ ಸರಣಿಯಲ್ಲಿ ಆರು ಕೋರ್‌ಗಳ ಪ್ರೊಸೆಸರುಗಳಿದ್ದವು. ಅವುಗಳಿಗಾಗಿ ವಿದ್ಯುತ್ ಒಯ್ಯುವ ಸ್ಪರ್ಶಬಿಂದುಗಳನ್ನು 128ರಿಂದ 146ಕ್ಕೆ ಏರಿಸಲಾಗಿತ್ತು. ಕಾರಣ ಸುಳ್ಳಲ್ಲ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅದನ್ನು ತೂಗಿ ನೋಡಬಹುದಲ್ಲವೇ?

ಪ್ರೊಸೆಸರ್ ಸುಮಾರು 1.2 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆಂದು ಇಟ್ಟುಕೊಳ್ಳಿ. ಹಳೆಯ ಬೋರ್ಡುಗಳು ಒಪ್ಪುತ್ತಿದ್ದ ಐ7-7700ಕೆ ಪ್ರೊಸೆಸರಿನ ಘೋಷಿತ ಸಾಮರ್ಥ್ಯ 91 ವಾಟ್. ಭಾಗಿಸಿದರೆ ಪ್ರವಾಹ ಸುಮಾರು 76 ಆಂಪಿಯರ್. 128 ಬಿಂದುಗಳಿಗೆ ಹಂಚಿದರೆ ಬಿಂದುವೊಂದಕ್ಕೆ 0.59 ಆಂಪಿಯರ್. ಈಗ ನಮ್ಮ ಹುಡುಗನ ಐ3-8100 ತೆಗೆದುಕೊಳ್ಳಿ. ಅದು 65 ವಾಟ್. ಪ್ರವಾಹ 54 ಆಂಪಿಯರ್, ಬಿಂದುವೊಂದಕ್ಕೆ 0.42 ಮಾತ್ರ. ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸಂಪರ್ಕದಲ್ಲಿ ಹುಟ್ಟುವ ಬಿಸಿ ಹಳೆಯ ಐ7ರದರ ಅರ್ಧದಷ್ಟು! ಇದು ಸ್ಥೂಲ ಲೆಕ್ಕ, ನಿಜ. ಎಲ್ಲ ವಿದ್ಯುತ್ತೂ ಇದೇ ಬಿಂದುಗಳಲ್ಲಿ ಹರಿಯುವುದಿಲ್ಲ. ಘೋಷಿತ ವಾಟ್ ಎಂಬುದೂ ಗರಿಷ್ಠ ಮಿತಿಯಲ್ಲ. ಆರು ಕೋರ್‌ಗಳ ಐ7-8700ಕೆ ತನ್ನ 95 ವಾಟ್ ಮೀರಿ ಎಳೆಯಬಲ್ಲದು. ಹಾಗಾಗಿ ಆ ಪ್ರೊಸೆಸರಿನ ಮಟ್ಟಿಗೆ ಕಂಪನಿಯ ಮಾತನ್ನು ಒಪ್ಪೋಣ. ಐ3ರ ಮಟ್ಟಿಗೆ ಅದು ನಿಲ್ಲದು. ಕೆಲವು ಹವ್ಯಾಸಿಗಳು ಬಯೋಸ್ ತಿದ್ದಿ ಎಂಟನೆಯ ತಲೆಮಾರನ್ನು ಹಳೆಯ ಬೋರ್ಡುಗಳಲ್ಲಿ ನಡೆಸಿಯೂ ತೋರಿಸಿದರು. (ನೀವು ಪ್ರಯತ್ನಿಸಬೇಡಿ, ಬೋರ್ಡ್ ಹೋದರೆ ಕೇಳುವವರಿಲ್ಲ.)

ನನ್ನ ಮುಖ್ಯ ತಕರಾರು ಇದಲ್ಲ. ಬೋರ್ಡ್ ಬದಲಿಸಲೇಬೇಕೆಂದಿದ್ದರೆ ಬದಲಿಸಲಿ, ಹೆಸರನ್ನೇಕೆ ಉಳಿಸಿಕೊಂಡರು? ಕಚ್ಚನ್ನೇಕೆ ಸರಿಸಲಿಲ್ಲ? ರ್‍ಯಾಮ್ ಪಟ್ಟಿಗಳನ್ನು ನೋಡಿ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳು. ಆದರೆ ನಡುವಿನ ಕಚ್ಚಿನ ಜಾಗ ಬೇರೆ. ತಪ್ಪಾಗಿ ತುರುಕಲು ಹೋದರೆ ಕೈಗೇ ತಿಳಿಯುತ್ತದೆ. ಇದೇ ಇಂಟೆಲ್ 1156ರಿಂದ 1155ಕ್ಕೆ ಹೋದಾಗ ಸಂಖ್ಯೆಯನ್ನೂ ಕಚ್ಚನ್ನೂ ಬದಲಿಸಿತ್ತು. ಬುದ್ಧಿ ಇರಲಿಲ್ಲವೆಂದಲ್ಲ.

ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ ವಾಸಿ, ಆದರೆ ಅದೂ ನಿಷ್ಕಳಂಕವಲ್ಲ. 2020ರ ಮೇ ತಿಂಗಳಲ್ಲಿ ಮುಂಬರುವ ಪ್ರೊಸೆಸರುಗಳು ಬಿ450, ಎಕ್ಸ್470 ಬೋರ್ಡುಗಳಲ್ಲಿ ನಡೆಯುವುದಿಲ್ಲವೆಂದು ಅದು ಹೇಳಿತು. ಬಯೋಸ್ ಚಿಪ್ಪಿನಲ್ಲಿ ಜಾಗ ಸಾಲದೆಂಬುದು ಕಾರಣ. ಬಳಕೆದಾರರು ಗಲಾಟೆಯೆಬ್ಬಿಸಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. 2022ರಲ್ಲಿ ಇನ್ನೂ ಹಳೆಯ ಎಕ್ಸ್370, ಎ320 ಬೋರ್ಡುಗಳಿಗೂ ಅವಕಾಶ ಕೊಟ್ಟಿತು.

ಹಾಗಾದರೆ ಕೊಳ್ಳುವವರು ನಂಬಬೇಕಾದದ್ದು ಯಾವುದನ್ನು? ಸಾಕೆಟ್ ಸಂಖ್ಯೆಯನ್ನಲ್ಲ, ಬೋರ್ಡ್ ತಯಾರಕರು ಪ್ರಕಟಿಸುವ ಪ್ರೊಸೆಸರ್ ಪಟ್ಟಿಯನ್ನು. ಅದನ್ನು ತೆರೆಯುವ ಮುನ್ನ ಬೋರ್ಡಿನ ಮೇಲೇ ಅಚ್ಚಾಗಿರುವ ಪೂರ್ಣ ಮಾದರಿ ಹೆಸರನ್ನೂ ಆವೃತ್ತಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಆವೃತ್ತಿ ಬದಲಾದರೆ ಪಟ್ಟಿಯೂ ಬದಲಾಗಬಹುದು. ಪಟ್ಟಿಯಲ್ಲಿ ಪ್ರತಿ ಪ್ರೊಸೆಸರಿನ ಮುಂದೆ ಕನಿಷ್ಠ ಯಾವ ಬಯೋಸ್ ಬೇಕೆಂದಿರುತ್ತದೆ. ಹೆಚ್ಚಿನವರು ಓದದೆ ಬಿಡುವುದು ಇದನ್ನೇ.

ಹುಡುಗನ ಬೋರ್ಡಿನ ಪಟ್ಟಿಯನ್ನು ಇಬ್ಬರೂ ಕೂತು ನೋಡಿದೆವು. ಐ3-8100 ಇರಲಿಲ್ಲ, ಐ3-7100 ಇತ್ತು, ಅದಕ್ಕೆ ಬಯೋಸ್ ನವೀಕರಿಸಬೇಕಿತ್ತು. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಆ ಕೆಲಸ ಮುಗಿಸಬೇಕು, ತೆಗೆದ ಮೇಲೆ ಆಗದು. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಹೊರಗೆ ಗುಡುಗು, ಮಳೆ. ಪಕ್ಕದ ಮನೆಯಿಂದ ಯುಪಿಎಸ್ ತಂದ ಮೇಲೆಯೇ ಕೈ ಹಾಕಿದೆವು.