ವಿದ್ಯೆಯ ಬೆಲೆ ಮತ್ತು ಅದರ ಅಳತೆ

ಪ್ರೋಗ್ರಾಮಿಂಗ್ ಕಲಿಯುವವರಿಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆದು, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಮಾರ್ಗದರ್ಶನ ನೀಡುವ ಪದ್ಧತಿ ಇಂದು ಬೆಳೆದಿದೆ. ಇದರ ಸಮರ್ಥಕರು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ‘ಎರಡು ಸಿಗ್ಮಾ ಸಮಸ್ಯೆ’ ಎಂಬ ಪ್ರಬಂಧವನ್ನು ಆಧಾರವಾಗಿ ತೋರಿಸುವುದುಂಟು. ಪ್ರತ್ಯೇಕ ಬೋಧನೆ ಪಡೆದ ಸಾಧಾರಣ ವಿದ್ಯಾರ್ಥಿಯು ತರಗತಿಯಲ್ಲಿ ಕಲಿತವರ ಪೈಕಿ ಶೇಕಡ 98 ಮಂದಿಯನ್ನು ಮೀರಿಸಿದನೆಂಬುದು ಅದರ ಸಾರ.

ಈ ಆಧಾರವನ್ನು ಪರಾಮರ್ಶಿಸುವುದು ಅವಶ್ಯ. ಆ ಪ್ರಯೋಗಗಳು ನಡೆದದ್ದು ಶಾಲಾಮಕ್ಕಳ ಮೇಲೆ, ವಿಷಯಗಳು ಸಂಭವನೀಯತೆ ಮತ್ತು ನಕಾಶೆ ರಚನೆ, ಪ್ರೋಗ್ರಾಮಿಂಗ್ ಅಲ್ಲ. ಸಿಗ್ಮಾ ಎಂಬುದು ಸಂಖ್ಯಾಶಾಸ್ತ್ರದ ಮಾನಕ ವಿಚಲನೆ. 2011ರಲ್ಲಿ ಕರ್ಟ್ ವ್ಯಾನ್‌ಲೇನ್ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಎರಡು ಸಿಗ್ಮಾಗಳ ಬದಲು ಸುಮಾರು 0.79 ಮಾತ್ರ ಕಂಡಿತು. ಪ್ರಯೋಜನವುಂಟು, ಪ್ರಚಾರದಷ್ಟಿಲ್ಲ. ಅಲ್ಲದೆ, ಪ್ರತ್ಯೇಕ ಬೋಧನೆ ಸಮಾಜಕ್ಕೆ ದುಬಾರಿಯಾದುದರಿಂದ ಅದೇ ಫಲವನ್ನು ಸಮೂಹಬೋಧನೆಯಲ್ಲಿ ಪಡೆಯುವ ಮಾರ್ಗವನ್ನು ಅರಸಬೇಕೆಂಬುದೇ ಬ್ಲೂಮ್ ಮಂಡಿಸಿದ ‘ಸಮಸ್ಯೆ’. ಅದನ್ನು ಮಾರಾಟದ ಮಾತಾಗಿಸುವುದು ಗ್ರಂಥಕರ್ತನ ಆಶಯಕ್ಕೆ ವಿರುದ್ಧ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂಬ ಐದು ಭೇದಗಳನ್ನು ಹೇಳುತ್ತದೆ. ಅಲ್ಲಿನ ವಿಷಯ ಶಾಸ್ತ್ರಾಧ್ಯಯನವಾದರೂ ಕ್ರಮವು ಇತರ ವಿದ್ಯೆಗಳಿಗೂ ಹೊಂದುತ್ತದೆ. ಹಣದಿಂದ ದೊರೆಯುವುದು ಪೃಚ್ಛನೆಗೆ ಉತ್ತರ. ಅನುಪ್ರೇಕ್ಷೆಯನ್ನೂ ಪುನರಾವರ್ತನೆಯನ್ನೂ ಕಲಿಯುವವನೇ ಮಾಡಬೇಕು. ತಪ್ಪಿದ ಸಾಲನ್ನು ಹುಡುಕುವ ಶ್ರಮವನ್ನು ಮಾರ್ಗದರ್ಶಕನೇ ಹೊತ್ತರೆ, ಪ್ರೋಗ್ರಾಮ್ ಸರಿಯಾದೀತು, ವಿದ್ಯಾರ್ಥಿ ಕಲಿತಿರಲಾರನು.

ಶುಲ್ಕ ಪಡೆಯುವುದು ದೋಷವಲ್ಲ. ಶ್ರಮಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಬೇಕು. ಆದರೆ ಹೆಚ್ಚುಕಡಿಮೆ ತೂಕ, ಅಳತೆಗಳನ್ನು ಬಳಸುವುದು ಅಚೌರ್ಯಾಣುವ್ರತದ ಅತಿಚಾರ. ಹತ್ತು ನಿಮಿಷದಲ್ಲಿ ತಿಳಿಸಬಹುದಾದುದನ್ನು ಗಂಟೆಗೆ ಎಳೆಯುವುದೂ ಕಳ್ಳ ತೂಕವೇ. ಶಿಷ್ಯನು ತನ್ನನ್ನೇ ಅವಲಂಬಿಸಿರಲೆಂದು ತಿಳಿದುದನ್ನು ಮರೆಮಾಡುವುದು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣ.

ಶುಲ್ಕ ತೆರಲಾರದ ಮನೆಯ ಮಕ್ಕಳ ಪಾಡೇನು? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯ ಪರಂಪರೆಯವರು ಈ ಪ್ರಶ್ನೆಗೆ ಉತ್ತರಿಸಬೇಕು. ಬಸದಿಯ ಟ್ರಸ್ಟುಗಳು ಪಾಠಶಾಲೆಯ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಬಲ್ಲವರೊಬ್ಬರನ್ನು ಗೌರವಧನವಿತ್ತು ಕುಳ್ಳಿರಿಸಬಹುದು. ಅಲ್ಲಿ ಕಲಿತವನು ಮುಂದೆ ಇನ್ನೊಬ್ಬನಿಗೆ ಕಲಿಸಲೆಂಬುದೊಂದೇ ನಿಯಮವಿರಲಿ. ಆಗ ವೆಚ್ಚವಾದ ಹಣ ಜ್ಞಾನದಾನದ ಲೆಕ್ಕಕ್ಕೆ ಸೇರುತ್ತದೆ.