ಪಾಳು ಬಿಡುವುದು ಅಹಿಂಸೆಯೇ?

ಉಳುಮೆ ನಿಲ್ಲಿಸಿದ ಹೊಲವನ್ನು ಹಾಗೆಯೇ ಬಿಟ್ಟರೆ ಜೀವದಯೆ, ಅದರಲ್ಲಿ ಸಸಿ ನೆಟ್ಟರೆ ಪುಣ್ಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಉದ್ದೇಶ ಒಳ್ಳೆಯದೇ. ಆದರೆ ಈ ಎರಡು ನಂಬಿಕೆಗಳೂ ಪರಾಮರ್ಶೆಗೆ ಅರ್ಹವಾಗಿವೆ.

ಹಂಪಸಾಗರದ ಸುತ್ತಲಿನ ಒಣಸೀಮೆಯಲ್ಲಿ ಬಿಟ್ಟ ಹೊಲವು ತಾನಾಗಿಯೇ ಹುಲ್ಲುಗಾವಲಾಗುವುದು ಸುಲಭವಲ್ಲ. ವರ್ಷವರ್ಷದ ಉಳುಮೆಯಿಂದ ಹಳೆಯ ಹುಲ್ಲಿನ ಬೇರು ಅಳಿದಿರುತ್ತದೆ. ಆ ತೆರವನ್ನು ಬಳ್ಳಾರಿ ಜಾಲಿ ತುಂಬುತ್ತದೆ. ಹೆಸರು ನಮ್ಮ ಸೀಮೆಯದಾದರೂ ಅದು ಅಮೆರಿಕ ಖಂಡದ ಗಿಡ. ೧೯ನೆಯ ಶತಮಾನದಲ್ಲಿ ಭಾರತಕ್ಕೆ ಅದನ್ನು ತಂದವರು ಮನುಷ್ಯರೇ. ದನಕುರಿಗಳು ಅದರ ಕಾಯಿ ತಿಂದು ಬೀಜ ಹರಡುತ್ತವೆ. ಅದು ದಟ್ಟೈಸಿದಲ್ಲಿ ಹುಲ್ಲು ಬೆಳೆಯದು. ಕೃಷ್ಣಮೃಗಕ್ಕೆ ಬಯಲಿಲ್ಲ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ತಾವಿಲ್ಲ.

ಸಸಿ ನೆಡುವುದರ ಪಾಠ ರಾಣೆಬೆನ್ನೂರಿನಲ್ಲಿದೆ. ೧೯೭೪ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿತವಾದ ೧೧೯ ಚದರ ಕಿಲೋಮೀಟರಿನ ಆ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲನ್ನೇ ನೆಚ್ಚಿದ್ದ ಎರೆಭೂತ ಪಕ್ಷಿ ಅಲ್ಲಿಂದ ಕಣ್ಮರೆಯಾಯಿತು.

ಹಾಗೆಂದು ಮರವೇ ದೋಷಿಯಲ್ಲ. ಹಂಪಸಾಗರವಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿಯೇ ಅಂಕಸಮುದ್ರದ ಹಳೆಯ ನೀರಾವರಿ ಕೆರೆಯಿದೆ. ೯೮.೭೬ ಹೆಕ್ಟೇರಿನ ಆ ಕೆರೆಯೊಳಗಿನ ಜಾಲಿಮರಗಳೇ ಹಕ್ಕಿಗಳಿಗೆ ಗೂಡಿನ ನೆಲೆ. ೩೦ ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳು ಆಶ್ರಯಿಸಿದ ಈ ತಾಣವು ರಾಮ್ಸಾರ್ ಪಟ್ಟಿಗೆ ಸೇರಿದುದು ೨೦೨೪ರ ಜನವರಿಯಲ್ಲಿ ಪ್ರಕಟವಾಯಿತು. ಕೆರೆಗೆ ನೀರು, ಬಯಲಿಗೆ ಹುಲ್ಲು: ಆಯಾ ನೆಲದ ಸ್ವಭಾವವನ್ನು ಅದಕ್ಕೆ ಮರಳಿಸುವುದೇ ನಿಜವಾದ ಪುನರುಜ್ಜೀವನ.

ಇಲ್ಲಿ ಶ್ರಾವಕರಿಗೆ ಸಹಜವಾಗಿ ಒಂದು ಶಂಕೆ ಏಳುತ್ತದೆ: ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳುವುದು ಏಕೇಂದ್ರಿಯ ಜೀವದ ಹಿಂಸೆಯಲ್ಲವೇ? ಹಿಂಸೆಯೇ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದವನ್ನು ಮುಂದಿಟ್ಟಿದೆ. ಮನುಷ್ಯರು ತಂದ ಗಿಡದಿಂದ ಹುಲ್ಲು, ಕೀಟ, ಪಕ್ಷಿ, ಮೃಗಗಳ ನೆಲೆ ಅಳಿಯುತ್ತಿರುವುದನ್ನು ಕಂಡೂ ಕೈಕಟ್ಟಿ ಕುಳಿತರೆ ಅದು ಪ್ರಮಾದವೇ ಸರಿ. ಜಾಲಿ ಎಳೆಯದಾಗಿರುವಾಗಲೇ, ಗೂಡುಕಟ್ಟುವ ಕಾಲವನ್ನು ತಪ್ಪಿಸಿ, ಎಚ್ಚರದಿಂದ ತೆಗೆದರೆ ಹಿಂಸೆ ಅಲ್ಪವಾಗುತ್ತದೆ.

ಬಸದಿಗಳ ವಿಶ್ವಸ್ತ ಮಂಡಲಿಗಳು ಇನ್ನೊಂದನ್ನೂ ಗಮನಿಸಬೇಕು. ಹೊಲವನ್ನು ಉಳುಮೆಯಿಂದ ಬಿಡಿಸಿದಾಗ ಗೇಣಿದಾರನ ಅನ್ನ, ಕುರಿಗಾಹಿಯ ದಾರಿ ತಪ್ಪಬಾರದು. ಮೊದಲ ಮಳೆಗಾಲಗಳಲ್ಲಿ ಮೇವನ್ನು ನಿಲ್ಲಿಸಿ, ಸ್ಥಳೀಯ ಹುಲ್ಲಿನ ಬೀಜ ಬಿತ್ತಿ, ಹುಲ್ಲು ನೆಲೆಗೊಂಡ ಮೇಲೆ ಮಿತವಾದ ಮೇವಿಗೆ ಅವಕಾಶವೀಯುವುದು ಯುಕ್ತ. ಅಪರಿಗ್ರಹವೆಂದರೆ ನೆಲವನ್ನು ತೊರೆಯುವುದಷ್ಟೇ ಅಲ್ಲ. ಅದು ಯಾರ ನೆಲೆಯೋ ಅವರಿಗೆ ಬಾಳಲು ಯೋಗ್ಯವಾಗುವಂತೆ ಒಪ್ಪಿಸುವುದು.