ಮಹನೀಯರು ಓದಿದ ಶಾಲೆ

ಹಳೆಯ ಸರ್ಕಾರಿ ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆ ಎಂದರೆ ಗೊತ್ತಲ್ಲ: ಸಚಿವರ ಸಂದೇಶ, ಶಾಸಕರ ಸಂದೇಶ, ಬಿಇಒ ಸಂದೇಶ, ದಾನಿಗಳ ಫೋಟೊ, ಜಾಹೀರಾತು. ಇಷ್ಟೆಲ್ಲ ದಾಟಿದ ಮೇಲೆ ಎರಡು ಪುಟದ ‘ಶಾಲೆ ನಡೆದುಬಂದ ದಾರಿ’. ನಮ್ಮ ವಿಮರ್ಶಕರು ಇದನ್ನು ಬರವಣಿಗೆಯೆಂದೇ ಎಣಿಸುವುದಿಲ್ಲ; ಊರಿನವರು ಮಾತ್ರ ಇದನ್ನೇ ಚರಿತ್ರೆಯೆಂದು ನಂಬಿದ್ದಾರೆ.

ಚಿಕ್ಕಬಳ್ಳಾಪುರದ ಮಟ್ಟಿಗೆ ಆ ಎರಡು ಪುಟದ ಸಾರವೂ ಒಂದೇ: ಸರ್ ಎಂ. ವಿಶ್ವೇಶ್ವರಯ್ಯ ಓದಿದ ಶಾಲೆ. ಓದಿದ್ದು ನಿಜ. ಮುದ್ದೇನಹಳ್ಳಿಯ ಹುಡುಗ ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತು, ಬೆಂಗಳೂರು ಸೇರಿ, 1881ರಲ್ಲಿ ಬಿ.ಎ. ಮುಗಿಸಿದರು. ನನ್ನ ತಕರಾರು ಕಟ್ಟಡದ್ದು, ಅದರ ಕೆಂಪು ಹೆಂಚಿನದ್ದು. ಅವರು ಊರಿನ ಶಾಲೆಗೆ ಹೋದದ್ದು 1860ರ ದಶಕದ ಕೊನೆಗೆ, 70ರ ದಶಕದ ಮೊದಲಿಗೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಘಟ್ಟ ಹತ್ತುವ ರೈಲು ಆಗಿನ್ನೂ ಇಲ್ಲ. ಅಷ್ಟರೊಳಗೆ ನಂದಿಯ ತಪ್ಪಲಿನ ಶಾಲೆಗೆ ಮಂಗಳೂರು ಹೆಂಚು ಬಂದು ಕೂತಿತೆಂದರೆ ನಾನು ನಂಬಲಾರೆ. ಆದರೆ ಇಂಥ ಬರಹಗಳ ಬಾಲ ವಿಶ್ವೇಶ್ವರಯ್ಯ ಕೂರುವುದು ಕೆಂಪು ಹೆಂಚಿನ ಪಡಸಾಲೆಯಲ್ಲೇ. ಶಾಲೆಯ ವಯಸ್ಸನ್ನು ತಂದು ಗೋಡೆಗೆ ಮೆತ್ತುವ ಚಾಳಿ ಇದು. ನಡುವೆ ಕೆಡವಿದ್ದು, ಕಟ್ಟಿದ್ದು, ಜಾಗ ಬದಲಿಸಿದ್ದು ಯಾವುದೂ ಲೆಕ್ಕಕ್ಕಿಲ್ಲ.

ಇದರಿಂದ ಮರೆಯಾದದ್ದು ಸಣ್ಣದಲ್ಲ. ಮೈಸೂರಿನ ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ 1868ರಲ್ಲಿ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆಯಲ್ಲಿ ಒಂದು ಷರತ್ತಿತ್ತು: ಶಾಲೆ ಬೇಕೆನ್ನುವ ಜನರೇ ಕಟ್ಟಡ ಒದಗಿಸಬೇಕು, ಮೇಷ್ಟರನ್ನು ಸರ್ಕಾರ ಕೊಡುತ್ತದೆ. ಅಂದರೆ ಮೈಸೂರು ಸೀಮೆಯ ಹೋಬಳಿ ಶಾಲೆಗಳ ಮೊದಮೊದಲ ಗೋಡೆಗಳು ಸರ್ಕಾರದ್ದಲ್ಲ, ಊರಿನವು. ಜಾಗ ಬಿಟ್ಟುಕೊಟ್ಟವರು ಯಾರು? ಮಣ್ಣು ಹೊತ್ತವರು ಯಾರು? ಹೊತ್ತವರ ಮಕ್ಕಳು ಒಳಗೆ ಕೂತರೋ, ಜಗಲಿಯಲ್ಲೇ ಉಳಿದರೋ? ಮನೆಯಲ್ಲಿ ತೆಲುಗಾಡುವ ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಮಕ್ಕಳು ಕನ್ನಡದ ಮೇಷ್ಟರೆದುರು ಹೇಗೆ ಬಾಯಿ ಬಿಟ್ಟರು? ತಂದೆಯ ಹೆಸರು, ಜಾತಿ, ಶಾಲೆ ಬಿಟ್ಟ ತಾರೀಖು ಎಲ್ಲ ಇರುವುದು ದಾಖಲಾತಿ ಪುಸ್ತಕದಲ್ಲಿ. ಅದು ಬೀರುವಿನಿಂದ ಇಳಿಯುವುದು ಯಾರಿಗಾದರೂ ಜಾತಿ ಸರ್ಟಿಫಿಕೇಟು ಬೇಕಾದಾಗ ಮಾತ್ರ.

‘ಕೃತಜ್ಞತೆಗೆ ಬರೆದದ್ದು, ಸಂಶೋಧನೆಯ ಅಳತೆಗೋಲು ಹಿಡಿಯಬೇಡಿ’ ಎನ್ನುವ ವಿಮರ್ಶಕ ಮಿತ್ರರಿದ್ದಾರೆ. ಕೃತಜ್ಞತೆಯಾದರೂ ಸರಿಯಾದ ವಿಳಾಸಕ್ಕೆ ಹೋಗಬೇಡವೆ? ಕಾದಂಬರಿಯೊಂದರಲ್ಲಿ ಇಸವಿ ತಪ್ಪಿದರೆ ಕಾಲಂಗಟ್ಟಲೆ ಬರೆಯುವವರು ಇವರೇ. ಇನ್ನು ಪಾರಂಪರಿಕ ಕಟ್ಟಡ ಉಳಿಸುವವರ ಪಂಗಡ. ಅವರಿಗೆ ಗಾರೆ, ಕಮಾನು, ತೇಗದ ತೊಲೆ ಇದ್ದರಾಯಿತು. ಶಾಲೆಯಲ್ಲಿ ಮಕ್ಕಳಿದ್ದರೆಂಬುದೇ ನೆನಪಿರುವುದಿಲ್ಲ. ಹಳೆಯ ಗ್ರೂಪ್ ಫೋಟೊಗಳನ್ನು ಅಚ್ಚು ಹಾಕಿಸಿ ಉಳಿಸಿದ ಪುಣ್ಯ ಸ್ಮರಣ ಸಂಚಿಕೆಗಳದ್ದು, ಒಪ್ಪಿದೆ.

ಗೌರಿಬಿದನೂರಿನ ಕಡೆ ಹೋದರೆ ಮಹನೀಯರು ಬದಲಾಗುತ್ತಾರೆ, ಜಾಡು ಅದೇ. ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಅಲ್ಲಿನ ಶಾಲೆ ಮುಗಿಸಿ ಬೆಂಗಳೂರಿಗೆ ನಡೆದೇ ಹೋದರು. ಆ ನಡಿಗೆಯನ್ನು ಕೊಂಡಾಡದ ಭಾಷಣವಿಲ್ಲ. ಹೈಸ್ಕೂಲಿಗೆಂದು ಬಡವರ ಹುಡುಗನೊಬ್ಬ ಬಸವನಗುಡಿಯವರೆಗೆ ನಡೆಯಬೇಕಾಗಿ ಬಂದದ್ದೇಕೆ ಎಂದು ಭಾಷಣಕಾರರು ಕೇಳುವುದಿಲ್ಲ. ಕೇಳಿಕೊಂಡವರು ನರಸಿಂಹಯ್ಯನವರೇ ಇರಬೇಕು. ಮುಂದೆ ಅವರ ಮುತುವರ್ಜಿಯಿಂದಲೇ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂತು.